ಡ್ಯೂಕ ಸಾಹೇಬರಿಗೆ ನಾನು ಕೊಟ್ಟ ದತ್ತಕ ಮಗ

ವಾಚಕ ಮಹಾಶಯರ ಸನ್ನಿಧಾನಕ್ಕೆ ಒಬ್ಬ ಕನ್ನಡ ಶಾಲೆಯ ಮಾಸ್ತರನು ಮಾಡಿಕೊಳ್ಳುವ ವಿಜ್ಞಾಪನೆ ಏನೆಂದರೆ, ಸದರಿ ಮಾಸ್ತರನು ಇಂದಿನವರೆಗೆ ಹಾಜರಿಪಟ, ತಿಂಗಳ ವರದಿ ಮತ್ತು ಪರರ ಅರ್ಜಿಗಳನ್ನು ಬಿಟ್ಟು ಬೇರೆ ಏನನ್ನೂ ಬರೆದವನಲ್ಲ. ಆದಕಾರಣ ಈ ಬರಹದಲ್ಲಿ ಒತ್ತು ತಪ್ಪಿದ್ದರೆ, ದೀರ್ಘವಿರಬೇಕಾದಲ್ಲಿ ಹ್ರಸ್ವವಾಗಿದ್ದರೆ ಕ್ಷಮಿಸಬೇಕು. ಅಕ್ಷರಗಳ ವಿಷಯಕ್ಕೂ ಕ್ಷಮೆ ಬೇಡುವದಿದೆ. ಒಂದು ಕಾಲಕ್ಕೆ ನನ್ನ ಕೈಬರಹವು ಸುತ್ತಲಿನ ನಾಲ್ಕು ಊರುಗಳಲ್ಲಿ ಹೆಸರಾದದ್ದಿತ್ತು. ಎರಡು ವರ್ಷಗಳ ಹಿಂದೆ ಬಲಗೈಯ ಹೆಬ್ಬೆರಳು ಗಾಡಿಯ ಗಾಲಿಗೆ ಸಿಕ್ಕಿತು. ಅಂದಿನಿಂದ ಸಾಲುಗಳು ಎಡದಿಂದ ಹೊರಟು ಬಲಕ್ಕೆ ಬರುವಷ್ಟರಲ್ಲಿ ಕೆಳಗೆ ಇಳಿಯುತ್ತವೆ.

ಬರೆಯಲು ಕಾರಣವಾದ ಸಂಗತಿ ಹೀಗಿದೆ. ಕಳೆದ ಮಾಘದಲ್ಲಿ ನಾನು ರಾಮದುರ್ಗದಲ್ಲಿ ತಂಗಿಯ ಮಗಳ ಮದುವೆ ಮುಗಿಸಿಕೊಂಡು, ಸವದತ್ತಿಯ ಮೇಲೆ ಹಾದು ಬೈಲಹೊಂಗಲಕ್ಕೆ ಬರುತ್ತಿದ್ದೆನು. ಸಂಜೆಯ ಹೊತ್ತಿಗೆ ಗಾಡಿಯವನು ಒಂದು ಮಾವಿನ ತೋಪಿನ ಬದಿಗೆ ಎತ್ತು ಬಿಚ್ಚಿ, ನೊಣ ಓಡಿಸುವ ಸಲುವಾಗಿ ಹಸಿ ಬೇವಿನ ತಪ್ಪಲಕ್ಕೆ ಬೆಂಕಿ ಹಚ್ಚಿದನು. ಮಾವು ಹೂವಾಗಿತ್ತು. ಹೂವಿನ ವಾಸನೆ ಮತ್ತು ಬೇವಿನ ಹೊಗೆ ಎರಡೂ ಕೂಡಿ ಮೂಗಿಗೆ ಬಂದಾಗ ನಾನು ಗಾಡಿಯಲ್ಲಿ ಮಲಗಿದ್ದವನು ಎದ್ದು ಕುಳಿತೆನು. ಹತ್ತು ವರ್ಷಗಳ ಹಿಂದೆ, ಪ್ಲೇಗಿನ ಚಳಿಗಾಲದಲ್ಲಿ, ಬೇರೆ ಊರಿನ ಬೇರೊಂದು ತೋಪಿನಲ್ಲಿ ನಾನು ನಾಲ್ಕು ತಿಂಗಳು ಈ ವಾಸನೆಯೊಳಗೇ ಇದ್ದೆನು. ಆ ನಾಲ್ಕು ತಿಂಗಳಲ್ಲಿ ನನ್ನಿಂದ ಒಂದು ತಪ್ಪು ನಡೆಯಿತು. ಅದನ್ನು ಇದುವರೆಗೆ ಯಾವ ಕಾಗದದಲ್ಲಿಯೂ ಬರೆದಿರುವದಿಲ್ಲ.

ಊರು ದೊಡವಾಡಕ್ಕೂ ಸಂಪಗಾಂವಿಗೂ ನಡುವೆ ಇದೆ. ಮನೆತನದವರು ಈಗಲೂ ಇರುವದರಿಂದ ಊರಿನ ಹೆಸರನ್ನು ಬರೆಯುವದಿಲ್ಲ. ನಾನು ಸವದತ್ತಿಯ ಕಡೆಯವನು; ಅಲ್ಲಿಯ ಕನ್ನಡ ಶಾಲೆಗೆ ಎರಡನೆಯ ಮಾಸ್ತರನಾಗಿ ಹೋಗಿ ಒಂದು ವರ್ಷವಾಗಿತ್ತು. ದಸರೆ ಮುಗಿದ ಎಂಟು ದಿನಕ್ಕೆ ಅಗಸಿಯ ಹತ್ತಿರದ ಮನೆಗಳಲ್ಲಿ ಇಲಿ ಸತ್ತು ಬೀಳಹತ್ತಿದವು. ಮೂರನೆಯ ದಿನ ಊರು ಖಾಲಿ ಮಾಡಲು ಹುಕುಮು ಬಂದಿತು. ಹೊಲ ಇದ್ದವರು ತಮ್ಮ ತಮ್ಮ ಹೊಲಗಳಲ್ಲಿ ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡರು. ಶಾಲೆಗೆ ಕೀಲಿ ಬಿದ್ದಿತು. ನನಗೆ ಹೊಲವಿರಲಿಲ್ಲ. ಅಲ್ಲಿಯ ದೇಸಗತಿಯ ಬಾಯಿಸಾಹೇಬರು ತಮ್ಮ ಮಾವಿನ ತೋಪಿನಲ್ಲಿ ನನಗೆ ಒಂದು ಗುಡಿಸಲು ಹಾಕಿಸಿಕೊಟ್ಟು, ಎರಡು ಹೊತ್ತು ಊಟಕ್ಕೂ ಹೇಳಿದರು.

ಬಾಯಿಸಾಹೇಬರ ಹೆಸರು ನೀಲಾಂಬಿಕಾಬಾಯಿ. ವಯಸ್ಸು ನಲವತ್ತೈದರ ಸುಮಾರು. ಪತಿ ದೇಸಾಯರು ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ದೂರ ಹೋಗಿದ್ದರು, ಗಂಡು ಸಂತಾನವಿರಲಿಲ್ಲ. ಮನೆತನಕ್ಕೆ ಸ್ವಂತದ ಹೊಲಮನೆಗಳಲ್ಲದೆ ಎರಡು ಊರುಗಳ ಜಹಗೀರು ಇತ್ತು. ಆ ಜಹಗೀರಿನ ಸನದಿನಲ್ಲಿ ಗಂಡು ವಾರಸನಿಲ್ಲದಿದ್ದರೆ ಊರುಗಳು ಸರಕಾರಕ್ಕೆ ಮರಳತಕ್ಕವೆಂದೂ, ದತ್ತಕ ತೆಗೆದುಕೊಳ್ಳುವದಾದರೆ ಸರಕಾರದ ಮಂಜೂರಿ ಬೇಕೆಂದೂ ಬರೆದಿತ್ತು. ಬಾಯಿಸಾಹೇಬರು ದೊಡವಾಡದಲ್ಲಿದ್ದ ಭಾವಬಂದಿಕೆಯವರ, ಅಂದರೆ ದಾಯಾದಿಗಳ, ಮೂರನೆಯ ಮಗನನ್ನು, ಬಸವಂತನೆಂಬ ಏಳು ವರ್ಷದವನನ್ನು, ದತ್ತಕಕ್ಕೆ ಗೊತ್ತು ಮಾಡಿದ್ದರು. ಮಂಜೂರಿ ಬಂದಿರಲಿಲ್ಲ. ಪ್ಲೇಗು ಬಂದಿತ್ತು. ದಿನಾಲು ಯಾವುದಾದರೊಂದು ಹೊಲದಿಂದ ಹೆಣ ಹೋಗುತ್ತಿತ್ತು. ತಾವು ಮಂಜೂರಿ ಬರುವದರೊಳಗೆ ಸತ್ತರೆ ಮನೆತನದ ಹೆಸರು ಅಳಿಯುವದೆಂಬ ಒಂದೇ ಚಿಂತೆ ಅವರಿಗಿತ್ತು. ನಮ್ಮ ಭಾಗದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ದತ್ತಕ ಒಪ್ಪದ್ದಕ್ಕೆ ಕಿತ್ತೂರು ಹೋಯಿತೆಂಬುದನ್ನು ನಮ್ಮಲ್ಲಿ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುತ್ತಾರೆ. ಈ ದೇಸಾಯರ ಹಿರಿಯರು ಆ ಸಂಸ್ಥಾನದ ಕಡೆಯಿಂದ ಕುದುರೆ ಏರಿದವರು.

ಊರು ಬಿಡುವಾಗ ಬಾಯಿಸಾಹೇಬರು ವಾಡೆಯಿಂದ ತಂದದ್ದು ಹೆಚ್ಚಿಲ್ಲ. ದೇವರ ಪೆಟ್ಟಿಗೆ, ಸನದಿನ ಕೊಳವೆ, ಮತ್ತು ರೇಶ್ಮೆಯ ಚೌಕದಲ್ಲಿ ಸುತ್ತಿದ ಒಂದು ಇಂಗ್ರಜಿ ಪುಸ್ತಕ. ಅದು ದೇಸಾಯರಿಗೆ ಬೆಳಗಾವಿಯಲ್ಲಿ ಓದುವಾಗ ಬಕ್ಷೀಸು ಬಂದದ್ದು. ಅವರು ಅದನ್ನು ದೊಡ್ಡವರಾದ ಮೇಲೂ ತೆಗೆದು ಓದುತ್ತಿದ್ದರಂತೆ. ಅದರೊಳಗೆ ಏನಿದೆಯೆಂದು ಬಾಯಿಸಾಹೇಬರು ಒಮ್ಮೆಯೂ ಕೇಳಿರಲಿಲ್ಲ. ನಾನು ನಾಲ್ಕು ಇಯತ್ತೆ ಇಂಗ್ರಜಿ ಕಲಿತವನೆಂದು ಗೊತ್ತಾದಾಗ ಪುಸ್ತಕವನ್ನು ನನ್ನ ಕಡೆಗೆ ಕಳಿಸಿ, ಮಧ್ಯಾಹ್ನ ದಿನಾಲು ಒಂದಿಷ್ಟು ಕನ್ನಡದಲ್ಲಿ ಬರೆದು ಓದಿ ಹೇಳಬೇಕೆಂದರು.

ಪುಸ್ತಕವು ಯುರೋಪ ಖಂಡದ ಒಬ್ಬ ಡ್ಯೂಕನ ಚರಿತ್ರೆಯಾಗಿತ್ತು. ಅವನು ಆಳಿ ಎರಡು ನೂರೈವತ್ತು ವರ್ಷಗಳ ಮೇಲೆ ಆಗಿತ್ತು. ಅವನ ಹೆಸರನ್ನು ಸರಿಯಾಗಿ ಉಚ್ಚರಿಸಲು ನನಗೆ ಆಗಲೂ ಬರುತ್ತಿರಲಿಲ್ಲ. ಈಗ ತಪ್ಪಾಗಿ ಬರೆದೇನೆಂಬ ಭಯದಿಂದ ಬರೆಯದೆ ಬಿಟ್ಟಿದ್ದೇನೆ. ಗುಡ್ಡಗಳ ನಡುವಿನ ಸಣ್ಣ ಸೀಮೆ, ನಲವತ್ತೋ ಐವತ್ತೋ ಹಳ್ಳಿಗಳು, ಒಂದು ಹೊಳೆ, ಪಡುವಲಕ್ಕೆ ಬಲಾಢ್ಯನಾದ ಒಬ್ಬ ಬಾದಶಹ. ತಂದೆ ಕುದುರೆಯಿಂದ ಬಿದ್ದು ಸತ್ತಾಗ ಡ್ಯೂಕನಿಗೆ ಹದಿಮೂರು ವರ್ಷ. ತಾಯಿ ಆರು ವರ್ಷ ಕಾರಭಾರ ನೋಡಿದಳು. ತನ್ನ ಕೈಗೆ ಅಧಿಕಾರ ಬಂದ ಮೇಲೆ ಅವನು ಜೌಗು ನೆಲ ಒಣಗಿಸಿ ಹೊಲ ಮಾಡಿಸಿದನು. ಸಂತೆಯಲ್ಲಿ ರೊಟ್ಟಿಯ ತೂಕ ಇಷ್ಟೇ ಇರಬೇಕೆಂದು ಕಟ್ಟು ಹಾಕಿ, ತಪ್ಪಿದವನನ್ನು ಅವನ ಅಂಗಡಿಯ ಮುಂದೆಯೇ ಒಂದು ದಿನ ನಿಲ್ಲಿಸುತ್ತಿದ್ದನು. ಧರ್ಮಗುರುಗಳೊಂದಿಗೆ ಅವನ ಜಗಳ ಸಾಯುವವರೆಗೂ ಮುಗಿಯಲಿಲ್ಲ.

ನಾನು ರಾತ್ರಿ ಶಬ್ದಕೋಶ ನೋಡಿಕೊಂಡು ಬರೆಯುತ್ತಿದ್ದೆನು. ಮಧ್ಯಾಹ್ನ ಊಟವಾದ ಮೇಲೆ ದೊಡ್ಡ ಮರದ ಕೆಳಗೆ ಓದುತ್ತಿದ್ದೆನು. ಬಾಯಿಸಾಹೇಬರು ಜಮಖಾನದ ಮೇಲೆ ಕುಳ್ಳಿರುತ್ತಿದ್ದರು. ಸುತ್ತಲೂ ಏಳೆಂಟು ಹೆಣ್ಣುಮಕ್ಕಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುತ್ತಿದ್ದರು. ಅವರಲ್ಲಿ ಫಕೀರವ್ವನೆಂಬ ಮುದುಕಿಯು ಬಾಯಿಸಾಹೇಬರ ತವರುಮನೆಯಿಂದ ಬಂದವಳಾದ್ದರಿಂದ ಅವಳ ಬಾಯಿಗೆ ಯಾರ ತಡೆಯೂ ಇರಲಿಲ್ಲ. ಡ್ಯೂಕನು ತಲೆಯ ಮೇಲೆ ಬೇರೆಯವರ ಕೂದಲಿನಿಂದ ಮಾಡಿದ ಟೊಪ್ಪಿಗೆ ಧರಿಸುತ್ತಿದ್ದನೆಂದು ಓದಿದ ದಿವಸ ಅವಳು ಮೊರ ಕೆಳಗಿಟ್ಟಳು.

“ಮಂದಿ ಕೂದಲಾ ಹೊತಗೊಂಡ ರಾಜ್ಯ ಆಳಿದ್ನೇನ್ರಿ ಮಾಸ್ತರ? ಹೇನು ಯಾರ ಪಾಲಿಗಿ?”

ಅಂದಿನ ಓದು ಅಲ್ಲಿಗೇ ನಿಂತಿತು. ಬಾಯಿಸಾಹೇಬರೂ ಸೆರಗು ಬಾಯಿಗೆ ಹಿಡಿದುಕೊಂಡರು. ಊರು ಬಿಟ್ಟ ಮೇಲೆ ಅವರು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದೆನು.

ಇಲ್ಲಿ ನನ್ನ ಕೆಲಸದ ರೀತಿಯನ್ನು ಹೇಳುವದು ಅವಶ್ಯವಾಗಿದೆ. ಧಾರವಾಡದಲ್ಲಿ ಮಾಸ್ತರಕಿಯ ಶಿಕ್ಷಣ ಪಡೆಯುವಾಗ ನಮಗೆ ಕಲಿಸಿದ ಮೊದಲ ನಿಯಮವೆಂದರೆ, ಗೊತ್ತಿಲ್ಲದ್ದನ್ನು ಗೊತ್ತಿದ್ದದ್ದರ ಮೂಲಕ ತಿಳಿಸಬೇಕೆಂಬುದು. ಆ ಪ್ರಕಾರ ಡ್ಯೂಕನ ಕೋಟೆಯನ್ನು ನಾನು ವಾಡೆ ಎಂದು ಬರೆದೆನು. ಅಲ್ಲಿಯವರು ರೊಟ್ಟಿ ಮಾಡುವ ಕರಿಯ ಧಾನ್ಯವನ್ನು ಜೋಳ ಮಾಡಿದೆನು. ಧರ್ಮಗುರುಗಳು ಮಠದ ಸ್ವಾಮಿಗಳಾದರು, ಸಣ್ಣ ಸರದಾರರು ನಾಡಗೌಡರಾದರು. ಕೇಳುವವರಿಗೆ ತಿಳಿಯುತ್ತಿತ್ತು, ನನಗೂ ಬರೆಯಲು ಸಲೀಸಾಗುತ್ತಿತ್ತು. ಒಂದು ಹೆಜ್ಜೆಯಾದ ಮೇಲೆ ಇನ್ನೊಂದು ಹೆಜ್ಜೆ ಇಡುವದಕ್ಕೆ ಕಾಲು ತಡೆಯುವದಿಲ್ಲವೆಂಬುದು ಆಗ ನನ್ನ ಲಕ್ಷ್ಯಕ್ಕೆ ಬರಲಿಲ್ಲ.

ಪುಸ್ತಕದ ನಡುವೆ ಡ್ಯೂಕನ ಪಟ್ಟಣಕ್ಕೆ ಪ್ಲೇಗು ಬರುತ್ತದೆ. ಇದು ಪುಸ್ತಕದಲ್ಲಿ ಇದ್ದದ್ದೇ ಇದೆ, ನಾನು ಸೇರಿಸಿದ್ದಲ್ಲ. ಅವನು ಓಡಿಹೋಗದೆ ವಾಡೆಯಲ್ಲಿಯೇ ಉಳಿದು, ಜನರನ್ನು ಗುಡ್ಡಕ್ಕೆ ಕಳಿಸಿ, ತನ್ನ ಕಣಜ ತೆಗೆಸಿ ದಿನಾಲು ಬುಟ್ಟಿಗಳಲ್ಲಿ ರೊಟ್ಟಿ ಕಳಿಸಿದನು. ಆ ಬುಟ್ಟಿಗಳನ್ನು ಹೊತ್ತವರಲ್ಲಿ ಅರ್ಧ ಜನರು ತಿರುಗಿ ಬರಲಿಲ್ಲ. ಅವನ ತಾಯಿಯೂ ಅದೇ ಬೇನೆಯಲ್ಲಿ ತೀರಿದಳು.  ಇದನ್ನು ಓದಿದ ಮರುದಿನ ಮುಂಜಾನೆ ಬಾಯಿಸಾಹೇಬರು ಕಾರಭಾರಿ ರಾಘಪ್ಪನವರನ್ನು ಕರೆಸಿ, ವಾಡೆಯ ಹಿಂದಿನ ನೆಲದೊಳಗಿನ ಎರಡು ಹಗೇವು ತೆಗೆಸಿ, ಗುಡಿಸಲುಗಳಲ್ಲಿ ಧಾನ್ಯ ತೀರಿದವರಿಗೆಲ್ಲ ಜೋಳ ಅಳೆಸಿದರು. ಊರೊಳಗಿನ ಹಗೇವಿಗೆ ಇಳಿಯಲು ಆಳುಗಳು ಅಂಜಿದಾಗ, ತಾವೇ ಅದರ ಬಾಯಿಯ ಹತ್ತಿರ ಹೋಗಿ ನಿಂತರು. ನಾನು ರಾತ್ರಿ ಬರೆದದ್ದು ಹಗಲು ಹೀಗೆ ನಡೆಯುವದನ್ನು ಕಂಡು ನನಗೆ ಹೆಮ್ಮೆಯಾಯಿತೆಂಬುದನ್ನು ಮುಚ್ಚಿಡುವದಿಲ್ಲ.

ಪುಷ್ಯಮಾಸದಲ್ಲಿ ಪುಸ್ತಕದ ಕೊನೆಯ ಪ್ರಕರಣಕ್ಕೆ ಬಂದೆನು. ಡ್ಯೂಕನು ಎರಡು ಮದುವೆಯಾದರೂ ಗಂಡುಮಗ ಉಳಿಯಲಿಲ್ಲ. ಐವತ್ತೊಂದನೆಯ ವರ್ಷಕ್ಕೆ ತೀರಿಕೊಂಡನು. ನಲವತ್ತು ದಿನಗಳೊಳಗಾಗಿ ಪಡುವಲ ಬಾದಶಹನ ಸರದಾರನೊಬ್ಬನು ಬಂದು, ಯಾವದೋ ಹಳೆಯ ಕರಾರು ತೋರಿಸಿ, ವಿಧವೆಯ ಕೈಯಿಂದ ವಾಡೆಯ ಕೀಲಿಕೈಗಳನ್ನು ತೆಗೆದುಕೊಂಡನು. ಮುಂದೆ ಆ ಸೀಮೆಯ ಹೆಸರು ನಕಾಶೆಯಲ್ಲಿ ಉಳಿಯಲಿಲ್ಲ. ಪುಸ್ತಕ ಇಷ್ಟಕ್ಕೆ ಮುಗಿಯುತ್ತದೆ. ಈ ಕೊನೆಯ ಪುಟದ ಅಂಚಿನಲ್ಲಿ ಸೀಸದಕಡ್ಡಿಯಿಂದ, ದೇಸಾಯರ ಕೈಯಿಂದಲೇ, ಕನ್ನಡದಲ್ಲಿ ಒಂದು ಸಾಲು ಬರೆದಿತ್ತು: “ಈತನು ದತ್ತಕ ಏಕೆ ತೆಗೆದುಕೊಳ್ಳಲಿಲ್ಲ?”

ನಾನು ಎರಡು ದಿನ ಬರೆಯಲಿಲ್ಲ. ಮೈಯಲ್ಲಿ ನೆಟ್ಟಗಿಲ್ಲವೆಂದು ಹೇಳಿ ಕಳಿಸಿದೆನು. ಗುಡಿಸಲುಗಳಲ್ಲಿ ಹೀಗೆ ಹೇಳಿ ಕಳಿಸುವದೆಂದರೆ ಏನೆಂದು ನನಗೆ ತಿಳಿಯದೆ ಹೋಯಿತು. ಅರ್ಧ ತಾಸಿನಲ್ಲಿ ಫಕೀರವ್ವ ಬಂದು ದೂರ ನಿಂತು, ಬಗಲಲ್ಲಿ ಪ್ಲೇಗಿನ ಗಂಟು ಎದ್ದಿದೆಯೋ ಹೇಗೆಂದು ಕೇಳಿದಳು. ಇಲ್ಲವೆಂದೆ. ಹಾಗಾದರೆ ಹೊಟ್ಟೆಗೆ ಹೆಚ್ಚಾಗಿರಬೇಕೆಂದು ಹೇಳಿ ಹೋದಳು. ಮೂರನೆಯ ರಾತ್ರಿ ನಾನು ಬರೆದದ್ದು ಹೀಗಿತ್ತು. ಡ್ಯೂಕನು ತನ್ನ ಅಂತ್ಯಕಾಲ ಸಮೀಪಿಸಿದ್ದನ್ನು ತಿಳಿದು ಭಾವಬಂದಿಕೆಯ ಒಬ್ಬ ಬಾಲಕನನ್ನು ವಾಡೆಗೆ ತರಿಸಿದನು. ಮಠದ ಸ್ವಾಮಿಗಳು ಹಳೆಯ ಜಗಳ ಮರೆತು ಬಂದು ಆ ಬಾಲಕನ ತಲೆಯ ಮೇಲೆ ಕೈಯಿಟ್ಟರು. ಪಡುವಲ ಬಾದಶಹನು ದತ್ತಕವನ್ನು ಮಂಜೂರು ಮಾಡಿ ಮರ್ಯಾದೆಯ ಪೋಷಾಕು ಕಳಿಸಿದನು. ದೇಸಾಯರು ಅಂಚಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟೆನೆಂದು ನಾನು ನನ್ನನ್ನೇ ಸಮಾಧಾನ ಮಾಡಿಕೊಂಡೆನು. ಆ ಅಂಚಿನ ಸಾಲನ್ನು ಮಾತ್ರ ಯಾರಿಗೂ ತಿಳಿಸಲಿಲ್ಲ.

ಓದಿದಾಗ ಬಾಯಿಸಾಹೇಬರು ಆ ಭಾಗವನ್ನು ಮೂರು ಸಾರೆ ಓದಿಸಿದರು. ಆಮೇಲೆ ಹುಡುಗನ ಹೆಸರೇನೆಂದು ಕೇಳಿದರು. ನಾನು ಯೋಚಿಸಿರಲಿಲ್ಲ. ಹಿಂದಿನ ಪ್ರಕರಣಗಳಲ್ಲಿ ಬಂದ ಒಬ್ಬ ಕುದುರೆ ಕಾಯುವವನ ಹೆಸರನ್ನು ಹೇಳಿಬಿಟ್ಟೆನು. ಅವರು ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡರು.

ಒಂದು ವಾರದ ಮೇಲೆ ಅಸಿಸ್ಟಂಟ ಕಲೆಕ್ಟರ ಸಾಹೇಬರ ಡೇರೆಗಳು ಬೈಲಹೊಂಗಲಕ್ಕೆ ಬರುವವೆಂದು ಸುದ್ದಿ ಬಂದಿತು. ಮಂಜೂರಿಯ ಅರ್ಜಿಯನ್ನು ಹೊಸದಾಗಿ ಕೊಡಬೇಕೆಂದು ಗೊತ್ತಾಯಿತು. ರಾಘಪ್ಪನವರು ಮಸುದೆ ಹೇಳುವವರು, ನಾನು ಶುದ್ಧ ಪ್ರತಿ ಬರೆಯುವವನು. ಮನೆತನದ ಸೇವೆ, ಸನದಿನ ತಪಶೀಲು, ವಂಶಾವಳಿ, ಹುಡುಗನ ಜನ್ಮ ಎಲ್ಲ ಸೇರಿ ಆರು ಕಲಮುಗಳಾದವು. ಆಗ ಬಾಯಿಸಾಹೇಬರು ಏಳನೆಯದನ್ನು ಸೇರಿಸಲು ಹೇಳಿದರು. ಸಾಹೇಬರ ಖಂಡದಲ್ಲಿಯೇ ಇಂಥ ಡ್ಯೂಕನು ದತ್ತಕ ತೆಗೆದುಕೊಂಡಿದ್ದಾನೆ, ಅವನ ಬಾದಶಹನು ಒಪ್ಪಿದ್ದಾನೆ, ಅದನ್ನು ಪುಸ್ತಕದ ಆಧಾರ ಕೊಟ್ಟು ಬರೆಯಬೇಕು ಎಂದರು. ರಾಘಪ್ಪನವರು ಬಹಳ ಸಂತೋಷಪಟ್ಟರು.

“ಅವರ ಕಡೀದ ದಾಖಲೆ ಅವರ ಮುಂದ ಇಟ್ರ, ಇಲ್ಲಾ ಅನ್ನಾಕ ಬಾಯಿ ಎಲ್ಲೈತ್ರಿ? ಬರೀರಿ ಮಾಸ್ತರ, ಇದನ್ನ ದಪ್ಪ ಅಕ್ಷರದಾಗ ಬರೀರಿ.”

ನಾನು ಆಗಲೇ ಹೇಳಬಹುದಾಗಿತ್ತು. ಬಾಯಿಸಾಹೇಬರು ಮೂರು ಮೊಳ ದೂರದಲ್ಲಿ ಕುಳಿತಿದ್ದರು. ನಾನು ಲೆಕ್ಕಣಿಕೆಯನ್ನು ಮಸಿಯಲ್ಲಿ ಎರಡು ಸಲ ಅದ್ದಿದೆನು. ಆಮೇಲೆ ಬರೆದೆನು: “ಕಲಮು ೭. ಯುರೋಪ ಖಂಡದ ಸದರಿ ಡ್ಯೂಕರವರು ನಿಪುತ್ರಿಕರಾಗಿ ಭಾವಬಂದಿಕೆಯ ಬಾಲಕನನ್ನು ದತ್ತಕ ತೆಗೆದುಕೊಂಡು ತತ್ಕಾಲೀನ ಬಾದಶಹರ ಮಂಜೂರಿ ಪಡೆದದ್ದು ಜಾಹೀರ ಇರುತ್ತದೆ.” ನನ್ನ ಜನ್ಮದಲ್ಲಿ ಅಷ್ಟು ಚಂದವಾಗಿ ನಾನು ಬೇರೊಂದು ಸಾಲನ್ನು ಬರೆದಿಲ್ಲ.

ಮಾಘದ ಮೊದಲ ವಾರದಲ್ಲಿ ಮುಚ್ಚಿದ ಗಾಡಿಯಲ್ಲಿ ಬಾಯಿಸಾಹೇಬರು, ಫಕೀರವ್ವ, ಹಿಂದಿನ ಗಾಡಿಯಲ್ಲಿ ರಾಘಪ್ಪನವರು ಮತ್ತು ನಾನು ಬೈಲಹೊಂಗಲಕ್ಕೆ ಹೋದೆವು. ಅರ್ಜಿಯಲ್ಲಿ ಆಧಾರ ಕೊಟ್ಟ ಕಾರಣ ಪುಸ್ತಕವನ್ನು ನಾನೇ ಹಿಡಿದುಕೊಳ್ಳಬೇಕಾಯಿತು. ಡೇರೆಯೊಳಗೆ ಒಂದು ಬದಿಗೆ ಪರದೆ ಕಟ್ಟಿಸಿ ಬಾಯಿಸಾಹೇಬರನ್ನು ಕುಳ್ಳಿರಿಸಿದರು. ಸಾಹೇಬರು ತರುಣರು, ಸಭ್ಯರು. ಕನ್ನಡ ಮಾತಾಡುತ್ತಿದ್ದರು, ಆದರೆ ಅದು ಪರೀಕ್ಷೆಗೆ ಓದಿದ ಕನ್ನಡ. ಆರು ಕಲಮುಗಳನ್ನು ತಲೆದೂಗುತ್ತ ಕೇಳಿದರು. ಏಳನೆಯದನ್ನು ಶಿರಸ್ತೇದಾರರು ಓದಿದಾಗ, ಮತ್ತೊಮ್ಮೆ ಓದಿರಿ ಎಂದರು.

“ಈ ಡ್ಯೂಕನ ಚರಿತ್ರೆಯನ್ನು ನಾನು ಬಾಲ್ಯದಲ್ಲಿ ಓದಿದ್ದೇನೆ. ಅವನಿಗೆ ದತ್ತಕ ಪುತ್ರನು ಇರಲಿಲ್ಲ. ನಮ್ಮ ಆ ದೇಶಗಳಲ್ಲಿ ಈ ಪದ್ಧತಿಯೇ ಇಲ್ಲ. ಇದು ಎಲ್ಲಿಂದ ಬಂತು?”

ರಾಘಪ್ಪನವರು ಭಾಷಾಂತರದಲ್ಲಿ ಏನೋ ಹೆಚ್ಚುಕಡಿಮೆ ಆಗಿರಬೇಕೆಂದು ಕೈಮುಗಿದು ಹೇಳಹತ್ತಿದರು. ಅಷ್ಟರಲ್ಲಿ ಪರದೆಯ ಹಿಂದಿನಿಂದ ಬಾಯಿಸಾಹೇಬರ ದನಿ ಬಂದಿತು.

“ಮಾಸ್ತರ, ಪುಸ್ತಕದಾಗ ಏನೈತಿ ಅದನ್ನ ಓದ್ರಿ. ಓದಿ ನನಗ ಕನ್ನಡದಾಗ ಹೇಳ್ರಿ.”

ನಾನು ಕೊನೆಯ ಪುಟ ತೆಗೆದೆನು. ಇಂಗ್ರಜಿಯಲ್ಲಿ ಓದುವಾಗ ನನ್ನ ಉಚ್ಚಾರದ ತಪ್ಪುಗಳನ್ನು ಸಾಹೇಬರು ತಿದ್ದಲಿಲ್ಲ. ಆಮೇಲೆ ಪರದೆಯ ಕಡೆಗೆ ತಿರುಗಿ ಕನ್ನಡದಲ್ಲಿ ಹೇಳಿದೆನು: ಡ್ಯೂಕರು ಗಂಡು ಸಂತಾನವಿಲ್ಲದೆ ತೀರಿಕೊಂಡರು. ನಲವತ್ತು ದಿನಗಳೊಳಗೆ ಬಾದಶಹನ ಸರದಾರನು ಬಂದನು. ವಿಧವೆಯ ಕೈಯಿಂದ ಕೀಲಿಕೈಗಳನ್ನು ತೆಗೆದುಕೊಂಡನು. ಇಲ್ಲಿ ವಾಡೆ, ಜೋಳ, ಸ್ವಾಮಿಗಳು ಯಾವದನ್ನೂ ನಾನು ಕೂಡಿಸಲಿಲ್ಲ. ಹೇಳಿ ಮುಗಿಸಿ, ಏಳನೆಯ ಕಲಮು ನಾನು ಕಲ್ಪಿಸಿದ್ದು, ಬಾಯಿಸಾಹೇಬರಿಗಾಗಲಿ ಕಾರಭಾರಿಯವರಿಗಾಗಲಿ ಇದು ಗೊತ್ತಿಲ್ಲ ಎಂದೆನು.  ಇನ್ನೊಮ್ಮೆ ಹೇಳಬೇಕಾಯಿತು.

ಪರದೆಯ ಹಿಂದಿನಿಂದ ಬಾಯಿಸಾಹೇಬರು ಕೇಳಿದರು.

“ಕೀಲಿಕೈ ಕೊಟ್ಟಳಲ್ಲಾ ಆ ಹೆಣಮಗಳು, ಆಕಿ ಮುಂದ ಎಲ್ಲಿ ಇದ್ದಳು?”

ಸಾಹೇಬರು ಪುಸ್ತಕವನ್ನು ತಮ್ಮ ಕೈಗೆ ತೆಗೆದುಕೊಂಡು ಹಾಳೆ ತಿರುವಿ ನೋಡಿದರು. ಅದು ಪುಸ್ತಕದಲ್ಲಿ ಇರುವದಿಲ್ಲ ಎಂದರು.

“ಹಂಗಾರ ಏಳನೇ ಕಲಮ ಹೊಡದ ಹಾಕ್ರಿ ಸಾಹೇಬರ. ಉಳದ ಆರೂ ನನ್ನವು. ಖರೇವು.”

ಸಾಹೇಬರು ತಾವೇ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದರು. ಅರ್ಜಿಯನ್ನು ಮೇಲೆ ಕಳಿಸುವದಾಗಿಯೂ, ಪರಿಣಾಮದ ಬಗ್ಗೆ ಮಾತು ಕೊಡುವದು ತಮ್ಮ ಕೈಯಲ್ಲಿಲ್ಲವೆಂದೂ ಹೇಳಿದರು. ನನಗೆ ಏನೂ ಅನ್ನಲಿಲ್ಲ.

ತಿರುಗಿ ಬರುವಾಗ ರಾಘಪ್ಪನವರು ನನ್ನೊಂದಿಗೆ ಕೂಡಲಿಲ್ಲ, ಮುಂದಿನ ಗಾಡಿಯ ಮೂಕಿಯ ಹತ್ತಿರ ನಡೆದುಕೊಂಡು ಹೊರಟರು. ಹಳ್ಳದ ದಂಡೆಯಲ್ಲಿ ಎತ್ತುಗಳಿಗೆ ನೀರು ಕುಡಿಸಲು ಬಿಟ್ಟಾಗ ಬಾಯಿಸಾಹೇಬರು ನನ್ನನ್ನು ಕರೆಸಿದರು. ಗಾಡಿಯ ಪರದೆಯನ್ನು ಅರ್ಧ ಸರಿಸಿದ್ದರು. ಕ್ಷಮಿಸಬೇಕೆಂದು ನಾನು ಆರಂಭಿಸಿದ್ದನ್ನು ನಡುವೆಯೇ ತಡೆದರು.

“ಮರದ ಬುಡಕ್ಕ ಕುಂತ ನೀವು ಏನ ಓದಿದ್ರೂ ಅದು ಕತಿ. ನನ್ನ ಮನಸ್ಸಿಗಿ ನೋವ ಆಗಬಾರದಂತ ಬರದ್ರಿ, ಅದು ನನಗ ತಿಳೀತದ. ಆದರ ಅರ್ಜಿ ಬರಿಯೂ ದಿವ್ಸ ನಾ ನಿಮ್ಮ ಮುಂದ ಕುಂತಿದ್ದೆ. ಅವತ್ತ ಯಾಕ ಸುಮ್ಮನಿದ್ರಿ?”

ನನಗೆ ಅಂಜಿಕೆಯಾಯಿತೆಂದು ಹೇಳಿದೆನು.

“ಅಂಜಿಕಿ ನಿಮ್ಮದು. ಸಹಿ ನನ್ನದು, ಮಾಸ್ತರ.”

 ಆಗ ಮುಚ್ಚಿಟ್ಟ ಇನ್ನೊಂದು ಸಂಗತಿಯನ್ನೂ ಹೇಳಿದೆನು. ಪುಸ್ತಕ ತೆಗೆದು ಅಂಚಿನ ಸಾಲನ್ನು ತೋರಿಸಿದೆನು. ಬಾಯಿಸಾಹೇಬರಿಗೆ ಓದಲು ಬರುತ್ತಿರಲಿಲ್ಲ. ಯಾವ ಅಕ್ಷರ ಎಲ್ಲಿಂದ ಎಲ್ಲಿಯವರೆಗೆ ಎಂದು ನನ್ನಿಂದ ಬೆರಳಿಟ್ಟು ತೋರಿಸಿಕೊಂಡು, ತಾವೂ ಅದರ ಮೇಲೆ ಬೆರಳು ಎಳೆದರು. ರಾಘಪ್ಪನವರು ಹತ್ತಿರ ಬಂದು ನೋಡಿ, ಇದು ಶಾಲೆಯ ಹುಡುಗತನದಲ್ಲಿ ಗೀಚಿದ್ದು, ಸರಕಾರದ ಮುಂದೆ ಇದಕ್ಕೆ ಬೆಲೆಯಿಲ್ಲ ಎಂದರು.

ಬಾಯಿಸಾಹೇಬರು ಮಾತ್ರ ಬೆರಳನ್ನು ತೆಗೆಯಲಿಲ್ಲ. “ಬೆಲಿ ಇರಲಿ ಬಿಡಲಿ. ನೀವು ಆಗ ಹೇಳಿದ್ರ ಏಳನೇ ಕಲಮಿಗಿ ಇದನ್ನ ಬರಸತಿದ್ನಿ. ನಮ್ಮ ಮಾಲಕರು ಇದನ್ನ ವಿಚಾರ ಮಾಡಿದ್ರು ಅಂತ ನನಗರ ಗೊತ್ತಾಗತಿತ್ತು.”

ಮರುದಿನ ಮಧ್ಯಾಹ್ನ ಅದೇ ಮರದ ಕೆಳಗೆ, ಮೊದಲು ಕೇಳಿದ್ದ ಎಲ್ಲ ಹೆಣ್ಣುಮಕ್ಕಳನ್ನೂ ಕೂಡಿಸಿ, ಕೊನೆಯ ಪ್ರಕರಣವನ್ನು ಇದ್ದಂತೆಯೇ ನನ್ನಿಂದ ಓದಿಸಿದರು. ಅದಕ್ಕಿಂತ ಹೆಚ್ಚಿನ ಶಿಕ್ಷೆಯನ್ನು ಕೊಡಲಿಲ್ಲ. ಫಕೀರವ್ವನು ಕೇಳಿ ಮುಗಿಸಿ, ಮಾಸ್ತರರ ಡ್ಯೂಕನೇ ಇವನಿಗಿಂತ ಶಾಣ್ಯಾ ಇದ್ದನು ಎಂದಳು. ಯಾರೂ ನಗಲಿಲ್ಲ. ಬಾಯಿಸಾಹೇಬರು ಅವಳಿಗೆ ಸುಮ್ಮನಿರಲು ಹೇಳಿ, ಪುಸ್ತಕವನ್ನು ರೇಶ್ಮೆಯ ಚೌಕದಲ್ಲಿ ಸುತ್ತಿ ಒಳಗೆ ತೆಗೆದುಕೊಂಡು ಹೋದರು.

ಫಾಲ್ಗುಣದಲ್ಲಿ ಬಿಸಿಲು ಏರಿದಂತೆ ಬೇನೆ ಇಳಿಯಿತು. ಹೋಳಿಯ ಮುಂದೆ ಮನೆಗಳಿಗೆ ಸುಣ್ಣ ಹೊಡೆದು ಜನರು ಊರು ಹೊಕ್ಕರು. ಶಾಲೆಯ ಕೀಲಿ ತೆಗೆದಾಗ ನನ್ನ ಹಾಜರಿಪಟದಲ್ಲಿ ಒಂಬತ್ತು ಹೆಸರುಗಳ ಮುಂದೆ ಗೆರೆ ಎಳೆಯಬೇಕಾಯಿತು. ಸರಕಾರದ ಉತ್ತರವು ಮಳೆಗಾಲದ ಆರಂಭಕ್ಕೆ ಬಂದಿತು. ಜಹಗೀರಿನ ಎರಡು ಊರುಗಳಿಗೆ ದತ್ತಕವನ್ನು ಮಂಜೂರು ಮಾಡಲು ಬರುವದಿಲ್ಲ. ಅವು ಬಾಯಿಸಾಹೇಬರ ಜೀವಮಾನದವರೆಗೆ ನಡೆದು ತರುವಾಯ ಸರಕಾರ ಜಮೆಯಾಗತಕ್ಕವು. ಸ್ವಂತದ ಹೊಲಮನೆಗಳ ವಿಷಯಕ್ಕೆ ಸರಕಾರದ ತಕರಾರಿಲ್ಲ ಎಂದು ನಾಲ್ಕು ಸಾಲುಗಳಿದ್ದವು. ಕಾರಣವನ್ನು ಬರೆದಿರಲಿಲ್ಲ. ಗೆರೆ ಎಳೆದ ಆ ಕಲಮು ಮೇಲಿನವರ ಕಣ್ಣಿಗೆ ಬಿದ್ದಿತೋ ಇಲ್ಲವೋ, ಬಿದ್ದು ಉಳಿದ ಆರಕ್ಕೂ ಸಂಶಯ ಬಂದಿತೋ ಹೇಗೆ, ಇದು ನನಗೆ ಇಂದಿಗೂ ತಿಳಿಯದು. ರಾಘಪ್ಪನವರು ಇಂಥ ಅರ್ಜಿಗಳು ಬಹುಮಟ್ಟಿಗೆ ಹೀಗೆಯೇ ಬರುತ್ತವೆಂದು ಎಲ್ಲರ ಮುಂದೆ ಹೇಳಿದರು. ನನ್ನ ಕಡೆಗೆ ನೋಡಿ ಹೇಳಲಿಲ್ಲ.

ಬಾಯಿಸಾಹೇಬರು ಆ ಶ್ರಾವಣದಲ್ಲಿಯೇ ದತ್ತಕ ತೆಗೆದುಕೊಂಡರು. ಊರು ಹೋದರೂ ಹೆಸರು ಹೋಗುವದು ಬೇಡ ಎಂದರು. ವಾಡೆಯ ಪಡಸಾಲೆಯಲ್ಲಿ ಮಠದ ಅಯ್ಯನವರು, ಊರ ಹಿರಿಯರು ಕೂಡಿದ್ದರು. ಬಸವಂತನ ತಾಯಿ ದೊಡವಾಡದಿಂದ ಬಂದು ಕಂಬದ ಹತ್ತಿರ ಕುಳಿತಿದ್ದಳು; ಸಣ್ಣ ಪ್ರಾಯದ ಹೆಣ್ಣುಮಗಳು. ಮಗನ ಕೈ ಬಿಟ್ಟಿರಲಿಲ್ಲ. ದತ್ತಕಪತ್ರ ಬರೆಯಲು ಬಾಯಿಸಾಹೇಬರು ಬೇರೆಯವರನ್ನು ಕರೆಸುವರೆಂದು ನಾನು ತಿಳಿದಿದ್ದೆನು. ನನ್ನನ್ನೇ ಕರೆಸಿದರು. ಆದರೆ ಪದ್ಧತಿ ಬದಲಾಯಿತು. ಒಂದೊಂದು ವಾಕ್ಯವನ್ನು ತಾವು ಬಾಯಿಂದ ಹೇಳುವರು, ನಾನು ಬರೆಯುವೆನು, ಕೂಡಲೆ ರಾಘಪ್ಪನವರು ಕಾಗದ ತೆಗೆದುಕೊಂಡು ಬರೆದದ್ದನ್ನು ಗಟ್ಟಿಯಾಗಿ ಓದುವರು. ಅದಾದ ಮೇಲೆಯೇ ಮುಂದಿನ ವಾಕ್ಯ.

ಕೊನೆಗೆ ಒಂದು ವಾಕ್ಯವನ್ನು ಅವರು ಹೇಳಿದ್ದು, ಹುಡುಗನ ತಂದೆತಾಯಿಗಳು ಅವನನ್ನು ನಮ್ಮ ಉಡಿಯಲ್ಲಿ ಹಾಕಿರುತ್ತಾರೆ ಎಂದು. ರಾಘಪ್ಪನವರು ಓದಿದ್ದು, ತಂದೆತಾಯಿಗಳು ಹರ್ಷದಿಂದ ಅವನನ್ನು ನಮ್ಮ ಉಡಿಯಲ್ಲಿ ಹಾಕಿರುತ್ತಾರೆ ಎಂದು. ಇಂಥ ಪತ್ರಗಳಲ್ಲಿ ಆ ಶಬ್ದ ಯಾವಾಗಲೂ ಇರುವದರಿಂದ ನನ್ನ ಕೈ ಅದನ್ನು ತಾನೇ ಬರೆದಿತ್ತು. ನಾನು ಬರೆದದ್ದು ನನ್ನ ಅರಿವಿಗೆ ಬಂದಿರಲಿಲ್ಲ.

ಬಾಯಿಸಾಹೇಬರು ಕಂಬದ ಕಡೆಗೆ ನೋಡಿದರು.

“ಹರ್ಷ ಅಂತ ನಾ ಹೇಳಿಲ್ಲ. ಹಡದಾಕಿ ಅದಾಳ, ಮಗನ್ನ ಕೊಡಾಕತ್ತಾಳ. ಆಕಿ ಮುಖಾ ನೋಡ್ರಿ, ನೋಡಿ ಬರೀರಿ.”

ನಾನು ತಲೆಯೆತ್ತಿ ನೋಡಿದೆನು. ಆ ತಾಯಿಯು ಯಾರನ್ನೂ ನೋಡುತ್ತಿರಲಿಲ್ಲ. ಹುಡುಗನ ಅಂಗಿಯ ಕಸಿಯನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ನಾನು ಆ ಶಬ್ದದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಣ್ಣದಾಗಿ ಸಹಿ ಮಾಡಿದೆನು. ರಾಘಪ್ಪನವರು ವಾಕ್ಯವನ್ನು ಮೊದಲಿನಿಂದ ಓದಿದರು. ಬಾಯಿಸಾಹೇಬರು ಈಗ ಸರಿಯಾಯಿತೆಂದು ಹೇಳಿ ಆ ಹೆಣ್ಣುಮಗಳನ್ನು ಹತ್ತಿರ ಕರೆದು, ಹುಡುಗನಿಗಿಂತ ಮೊದಲು ಅವಳ ಉಡಿ ತುಂಬಿದರು.

ಅಲ್ಲಿಂದ ಮುಂದೆ ನಾನು ಏನು ಬರೆದರೂ ಇನ್ನೊಬ್ಬರ ಕೈಗೆ ಕೊಟ್ಟು ಓದಿಸುತ್ತ ಬಂದಿದ್ದೇನೆ. ಈ ಬರಹಕ್ಕೆ ಮಾತ್ರ ಹಾಗೆ ಓದುವವರು ಯಾರೂ ಸಿಕ್ಕಿಲ್ಲ, ರಾಘಪ್ಪನವರು ಈಗಿಲ್ಲ. ಆದ್ದರಿಂದ ವಾಚಕ ಮಹಾಶಯರಲ್ಲಿ ಅರಿಕೆ ಏನೆಂದರೆ, ಎಲ್ಲಿ ಅಕ್ಷರ ತಪ್ಪಿದೆಯೋ, ಎಲ್ಲಿ ನಡೆದದ್ದಕ್ಕಿಂತ ಒಂದು ಶಬ್ದ ಹೆಚ್ಚು ಬಿದ್ದಂತೆ ತೋರುವದೋ, ಅಲ್ಲಿ ಸಂಕೋಚವಿಲ್ಲದೆ ಗೆರೆ ಎಳೆದು ತಿದ್ದಿಕೊಳ್ಳಬೇಕು.